ನಮ್ಮ ಟೀಮಿನ ಟೀವಿ, ಗಂಗಮ್ಮನ ಮಗ

ಅದು ಎಂಬತ್ತೆಂಟನೇ ಇಸವಿ. ನಾನಾಗ ಎರಡನೇ ಪಿಯುಸಿ ಓದುತ್ತಿದ್ದೆ. ನಮ್ಮ ಮನೆ ಮಹಾಲಕ್ಷ್ಮಿ ಲೇಔಟಿನಲ್ಲಿತ್ತು. ನಮ್ಮಣ್ಣ ಶ್ರೀಧರ ಬೀದಿಯ ಕಬಡ್ಡಿ ಟೀಮಿಗೆ ಕ್ಯಾಪ್ಟನ್. ಓದಿನಲ್ಲಿ ಅಷ್ಟಕ್ಕಷ್ಟೇ, ಆದರೆ ಅಖಾಡಕ್ಕಿಳಿದರೆ ಹುಲಿ ಎಂದು ಅವನೇ ಹೇಳಿಕೊಂಡು ಓಡಾಡುತ್ತಿದ್ದ.

ಆಗ ಟೀವಿಯಲ್ಲಿ ಸರ್ಕಾರದ ಚಾನೆಲ್ಲು ಬಿಟ್ಟರೆ ಬೇರೆ ಗತಿಯಿರಲಿಲ್ಲ. ವೀಡಿಯೋ ಅಂಗಡಿ ಇಟ್ಟಿದ್ದ ಮಂಜು ಎಂಬವನು ತನ್ನ ವಿಸಿಆರ್‌ನಿಂದ ಮನೆಮನೆಗೆ ವೈರ್ ಎಳೆದು ಸಿನಿಮಾ ತೋರಿಸಲು ಹೊರಟ. ಅವನಿಗೆ ತಾರಸಿ ಹತ್ತಿ ಇಳಿಯುವ ಜನ ಬೇಕಿತ್ತು, ನಮ್ಮಣ್ಣನ ಟೀಮಿಗೆ ಕೈಗೆ ಕೆಲಸ ಇರಲಿಲ್ಲ. ಹುಡುಗರು ತೆಂಗಿನ ಮರ, ನೀರಿನ ಟ್ಯಾಂಕು, ಯಾರೋ ಸಂಡಿಗೆ ಒಣಗಿಹಾಕಿದ್ದ ತಾರಸಿ ಎಲ್ಲವನ್ನೂ ದಾಟಿಸಿ ವೈರ್ ಎಳೆದುಕೊಟ್ಟರು. ಅದಕ್ಕೆ ಬದಲಾಗಿ ಆ ಚಾನೆಲ್ಲಿನಲ್ಲಿ ಅರ್ಧ ಪಾಲು ಟೀಮಿನದು. ಭಾನುವಾರ ಮಧ್ಯಾಹ್ನ ಸಿನಿಮಾ ಇಲ್ಲ, ಕಬಡ್ಡಿ ಎಂದು ಮಾತಾಯಿತು.

"ಇನ್ಮೇಲೆ ನಮ್ದೇ ಟೀವಿ ಕಣೇ," ಎಂದು ಅಣ್ಣ ಕಾಲರ್ ಎತ್ತಿಕೊಂಡ. ನನಗೂ ಜಂಭ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಕಾಲೇಜಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

ಮೊದಲ ಭಾನುವಾರಕ್ಕೆ ಗೊತ್ತುಮಾಡಿದ್ದು ರಾಜ್ಯೋತ್ಸವದ ಫೈನಲ್. ನಮ್ಮವರಿಗೂ ಹೆಗ್ಗನಹಳ್ಳಿಯವರಿಗೂ ನಡೆದ ಆಟ. ಮದುವೆಗಳಿಗೆ ವೀಡಿಯೋ ತೆಗೆಯುವವನ ಕೈಯಲ್ಲಿ ಅದನ್ನು ತೆಗೆಸಿದ್ದರು. ಆ ಆಟವನ್ನು ನಾನು ಕಣ್ಣಾರೆ ನೋಡಿದ್ದೆ. ಕಪ್ಪು ನಮಗೇ ಬಂದರೂ ಜೀವ ಬಾಯಿಗೆ ಬಂದಿತ್ತು. ಅದಕ್ಕೆ ಕಾರಣ ಹೆಗ್ಗನಹಳ್ಳಿಯ ಚಂದ್ರ. ಸಣಕಲು ಹುಡುಗ, ಊದಿದರೆ ಹಾರಿಹೋಗಬೇಕು. ಒಂದು ರೈಡಿನಲ್ಲಿ ನಮ್ಮವರಲ್ಲಿ ಮೂವರನ್ನು ಮುಟ್ಟಿ ಹೊರಟ. ನಮ್ಮಣ್ಣ ಅವನ ಕಾಲು ಹಿಡಿದು ನೆಲಕ್ಕೆ ಕೆಡವಿದ. ಅವನು ಉಸಿರು ಬಿಡದೆ ಮಣ್ಣಿನಲ್ಲಿ ತೆವಳಿಕೊಂಡೇ ಹೋಗಿ ಗೆರೆ ಮುಟ್ಟಿದ. ನನಗೇ ಗೊತ್ತಿಲ್ಲದೆ ಚಪ್ಪಾಳೆ ಹೊಡೆದುಬಿಟ್ಟಿದ್ದೆ. ಪಕ್ಕದಲ್ಲಿದ್ದ ಗೆಳತಿ ನನ್ನ ತೊಡೆ ಚಿವುಟಿದಳು.

ಈ ಚಂದ್ರನ ತಾಯಿ ಗಂಗಮ್ಮ ನಮ್ಮ ಬೀದಿಗೆ ದಿನಾ ಸೊಪ್ಪು ತರುತ್ತಿದ್ದರು. ಹೆಗ್ಗನಹಳ್ಳಿಯಲ್ಲಿ ಅವರದೊಂದು ತುಂಡು ಹೊಲವಿತ್ತು. ಆಟ ನೋಡಲು ಅವರು ಬಂದಿರಲಿಲ್ಲ, ಅವತ್ತೂ ಸೊಪ್ಪು ಮಾರಲು ಹೋಗಿದ್ದರು. ಚಂದ್ರ ಟೀವಿಯಲ್ಲಿ ಬರುತ್ತಾನೆ ಎಂದು ಅವರಿಗೆ ಹೇಳಿದವಳು ನಾನೇ.

"ದಿಟವಾ ಮಗಾ? ಗೆರೆ ಮುಟ್ಟಿದೆ ಕಣವ್ವಾ, ಎಲ್ರೂ ಎದ್ ನಿಂತ್ಕಂಡ್ರು ಅಂತಿದ್ದ. ನಾನು ಕಾಣೆ ಹೋಗು," ಎಂದು ಬುಟ್ಟಿ ಇಳಿಸಿಕೊಂಡು ಅಲ್ಲೇ ಕೂತರು.

"ನಮ್ಮನೆಗೇ ಬನ್ನಿ, ನೀವೇ ನೋಡಿ," ಎಂದೆ.

ಭಾನುವಾರ ಅವರು ಇಬ್ಬರು ನೆರೆಮನೆಯವರನ್ನೂ ಕರೆದುಕೊಂಡು ಬಂದರು. ಮದುವೆಗೆ ಹೊರಟ ಹಾಗೆ ಸೀರೆ ಉಟ್ಟಿದ್ದರು. ಕೈಯಲ್ಲಿ ಬಾಳೆ ಎಲೆ ಸುತ್ತಿದ ಕನಕಾಂಬರದ ದಂಡೆ. ನಮ್ಮಪ್ಪ ಆಗಷ್ಟೇ ಟೀವಿಗೆ ಕುಂಕುಮ ಇಟ್ಟು ಕಾಯಿ ಒಡೆದಿದ್ದರು. ಗಂಗಮ್ಮನ ಹೂವನ್ನೂ ಟೀವಿಯ ಮೇಲೇ ಇಟ್ಟರು. ಹಾಲ್ ತುಂಬ ಜನ. ಸೋಫಾದಲ್ಲಿ ಕೂರಿ ಎಂದರೂ ಅವರು ಒಪ್ಪಲಿಲ್ಲ. ನೆಲದ ಮೇಲೆ ನನ್ನ ಪಕ್ಕದಲ್ಲೇ ಕೂತರು. ಅಣ್ಣ ಬಾಗಿಲಲ್ಲಿ ನಿಂತಿದ್ದವನು ಅವರನ್ನು ಕಂಡು, "ಇವ್ರನ್ಯಾಕೇ ಕರೆದೆ?" ಎಂದು ಹಲ್ಲು ಕಚ್ಚಿದ. ಯಾಕೆ ಹಾಗಂದ ಎಂದು ನನಗೆ ಅರ್ಥವಾಗಲಿಲ್ಲ.

ಟೀವಿ ಶುರುವಾದ ಮೇಲೆ ಅರ್ಥವಾಯಿತು.

ನಮ್ಮವರು ಎರಡು ವಿಸಿಆರ್ ಜೋಡಿಸಿ, ಬೇಕಾದ್ದನ್ನಷ್ಟೇ ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ನಮ್ಮವರ ರೈಡು, ನಮ್ಮವರ ಕ್ಯಾಚು, ಮತ್ತೆ ನಮ್ಮವರ ರೈಡು. ಚಂದ್ರ ಬಂದ, ಆದರೆ ಅವನು ಸಿಕ್ಕಿಬಿದ್ದ ಕಡೆಗಳಲ್ಲಿ ಮಾತ್ರ ಬಂದ. ನಮ್ಮಣ್ಣ ಕಾಲು ಹಿಡಿದು ಕೆಡವಿದ್ದನ್ನು ನಿಧಾನ ಮಾಡಿ ಎರಡೆರಡು ಸಲ ತೋರಿಸಿದರು. ಅವನು ಮಣ್ಣಿಗೆ ಬಿದ್ದ ಕೂಡಲೇ ಚಿತ್ರ ಕತ್ತರಿಸಿ ನಮ್ಮವರು ಕುಣಿಯುವುದು ಬಂತು. ಗೆರೆ ಮುಟ್ಟಿದ್ದು ಎಲ್ಲೂ ಇಲ್ಲ. ಹಾಲ್‌ನಲ್ಲಿ ಎಲ್ಲರೂ ಹೋ ಎಂದು ನಕ್ಕರು. "ಏನ್ ಗುರು, ಬೆಕ್ಕಿನ್ ಮರಿ ಥರ ಎತ್ತಾಕ್ಬಿಟ್ಟೆ!" ಎಂದು ಟೀಮಿನವನೊಬ್ಬ ಕಿರುಚಿದ.

ಗಂಗಮ್ಮ ನನ್ನ ಕಿವಿಯ ಹತ್ತಿರ ಬಂದು, "ಇನ್ನೂ ಐತಾ ಮಗಾ?" ಎಂದು ಕೇಳಿದರು. ಅಷ್ಟರಲ್ಲಿ ಕಪ್ಪು ಎತ್ತಿಹಿಡಿದ ಚಿತ್ರ ಬಂದು ಎಲ್ಲ ಮುಗಿಯಿತು.

ಆಗ ನಾನು ಬಾಯಿ ಬಿಡಬೇಕಿತ್ತು. ಕತ್ತರಿಸಿದ್ದಾರೆ, ನಿಮ್ಮ ಮಗ ಗೆರೆ ಮುಟ್ಟಿದ್ದು ನಿಜ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅಣ್ಣ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಅಕ್ಕಪಕ್ಕದವರೆಲ್ಲ ಅಪ್ಪನ ಕೈ ಕುಲುಕುತ್ತಿದ್ದರು. ನಾನು ಕಡ್ಲೆಪುರಿಯ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟೆ. ತಿರುಗಿ ಬರುವಷ್ಟರಲ್ಲಿ ಗಂಗಮ್ಮ ಹೊರಟುಹೋಗಿದ್ದರು. ಅವರು ತಂದ ಹೂವು ಮಾತ್ರ ಟೀವಿಯ ಮೇಲೇ ಇತ್ತು. ನನಗೆ ಆ ಕಡೆ ತಿರುಗಲು ಆಗಲಿಲ್ಲ.

ಮಾರನೆಯ ದಿನ ಅವರು ಸೊಪ್ಪು ತರಲಿಲ್ಲ. ಅದರ ಮರುದಿನ ಬಂದರು, ಮುಖ ಇಳಿದುಹೋಗಿತ್ತು.

"ಹೆತ್ತೋಳ್ ಮುಂದೇನೇ ಸುಳ್ಳು ಹೇಳ್ತೀಯಲ್ಲೋ ಅಂತ ಬೈದ್ಬುಟ್ಟೆ ಮಗಾ. ಜೊತೇಲಿ ಬಂದೋರ್ ಮುಂದೆ ಮಾನ ಹೋಯ್ತು. ಅವನು ಉಣ್ಣದೆ ಎದ್ದೋದ. ಇನ್ ಆಟಕ್ಕೇ ಹೋಗಕಿಲ್ಲ ಅಂತ ಕೂತವ್ನೆ," ಎಂದರು.

ನನಗೆ ಅಳು ಬಂತು. ಇದ್ದದ್ದನ್ನೆಲ್ಲ ಹೇಳಿದೆ. ಅವರು ನನ್ನ ಮೇಲೆ ರೇಗಲಿಲ್ಲ. "ಹಂಗಾರೆ ಆ ಕತ್ರಿಸಿದ್ದನ್ನ ಒಂದ್ಸಲ ತೋರ್ಸವ್ವ," ಎಂದರು.

ಸಂಜೆಯೇ ಮಂಜುವಿನ ಅಂಗಡಿಗೆ ಓಡಿದೆ. ಅವನು ತಲೆ ಕೆರೆದುಕೊಂಡ. ಆಗೆಲ್ಲ ಒಂದೇ ಕ್ಯಾಸೆಟ್ಟಿನ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಮಾಡುತ್ತಿದ್ದರು. ಮೊದಲಿನ ಕ್ಯಾಸೆಟ್ಟಿನ ಮೇಲೆ ಯಾರದೋ ನಾಮಕರಣ ಕೂತಿತ್ತು. ಚಂದ್ರನ ಆಟ ಇನ್ನೆಲ್ಲೂ ಉಳಿದಿರಲಿಲ್ಲ.

ಮುಂದಿನ ಭಾನುವಾರ, ಟೀವಿಯಲ್ಲಿ ನಮ್ಮ ಟೀಮಿನ ಇನ್ನೊಂದು ಆಟ ಬರುವ ಹೊತ್ತಿಗೆ, ನಾನು ಹೆಗ್ಗನಹಳ್ಳಿಗೆ ಹೋದೆ. ಗಂಗಮ್ಮನ ಅಂಗಳದಲ್ಲಿ ಆ ಇಬ್ಬರು ನೆರೆಮನೆಯವರನ್ನೂ ಕರೆಸಿ ನಿಲ್ಲಿಸಿದೆ. ಕಡ್ಡಿಯಿಂದ ಗೆರೆ ಎಳೆದೆ. ಲಂಗ ಸೊಂಟಕ್ಕೆ ಸಿಕ್ಕಿಸಿಕೊಂಡು ಕಬಡ್ಡಿ ಕಬಡ್ಡಿ ಎನ್ನುತ್ತ ಚಂದ್ರ ಹೇಗೆ ಹೋದ, ಯಾರು ಯಾರನ್ನು ಮುಟ್ಟಿದ, ನಮ್ಮಣ್ಣ ಎಲ್ಲಿ ಹಿಡಿದ ಎಂದು ಆಡಿ ತೋರಿಸಿದೆ. ಕೊನೆಗೆ ನೆಲದ ಮೇಲೆ ಬಿದ್ದು, ತೆವಳಿಕೊಂಡು ಹೋಗಿ ಗೆರೆ ಮುಟ್ಟಿದೆ. ಮೈಯೆಲ್ಲ ಮಣ್ಣು. ಗಂಗಮ್ಮ ನಗುತ್ತಲೂ ಇದ್ದರು, ಸೆರಗಿನಿಂದ ಕಣ್ಣೂ ಒರೆಸಿಕೊಳ್ಳುತ್ತಿದ್ದರು. "ನೋಡುದ್ರಾ? ನನ್ ಮಗ ಸುಳ್ ಹೇಳಿರ್ನಿಲ್ಲ," ಎಂದು ಆ ಇಬ್ಬರಿಗೂ ಹೇಳಿದರು.

ಎದ್ದು ನೋಡಿದರೆ ಚಂದ್ರ ದನಕ್ಕೆ ನೀರಿಡಲು ಬಂದವನು ಬಕೆಟ್ಟು ಹಿಡಿದು ನಿಂತಿದ್ದ. ಎಲ್ಲವನ್ನೂ ನೋಡಿರಬೇಕು. ನಗುತ್ತಾನೇನೋ ಎಂದುಕೊಂಡೆ.

"ಅವತ್ತು ಟೀವಿ ಮುಂದೆ ನಮ್ಮವ್ವನ ಪಕ್ಕದಲ್ಲೇ ಕೂತಿದ್ರಂತಲ್ಲ ನೀವು?" ಎಂದು ಕೇಳಿದ.

ಕೋಪದಿಂದ ಕೇಳಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ ಕೇಳಿದ. ನಾನು "ಹೂಂ" ಎಂದೆ. ಅವನು ತಲೆಯಾಡಿಸಿ ದನದ ಕಡೆ ಹೋದ.

ಚಂದ್ರ ಮತ್ತೆ ಆಡಿದನೋ ಇಲ್ಲವೋ ನನಗೆ ತಿಳಿಯಲಿಲ್ಲ, ಗಂಗಮ್ಮನನ್ನು ಕೇಳುವ ಧೈರ್ಯವೂ ಬರಲಿಲ್ಲ. ಈಗ ಮನೆಯಲ್ಲಿ ಲೆಕ್ಕವಿಲ್ಲದಷ್ಟು ಚಾನೆಲ್ಲುಗಳಿವೆ. ಮೊಮ್ಮಕ್ಕಳು ಕಬಡ್ಡಿ ಹಾಕಿಕೊಂಡು ಕುಣಿಯುವಾಗ ನಾನೂ ಕೂತು ನೋಡುತ್ತೇನೆ. ಯಾರಾದರೂ ನೆಲಕ್ಕೆ ಬಿದ್ದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ. ಹೆಗ್ಗನಹಳ್ಳಿಯವರೆಗೂ ಹೋಗಿ ಮಣ್ಣಿನಲ್ಲಿ ಹೊರಳಾಡಿ ಬಂದೆನಲ್ಲ, ಆ ತಾಯಿ ಪಕ್ಕದಲ್ಲೇ ಕೂತಿದ್ದಾಗ ಒಂದು ಮಾತು ಹೇಳಲು ನನಗೆ ಆಗಲಿಲ್ಲ.