ದೊಡ್ಡವ್ವನ ಮುಖದ ಬಿಲ್ಲೆ

ನನ್ನ ಅವ್ವ ನಮ್ಮಪ್ಪನಿಗೆ ಎರಡನೆಯ ಹೆಂಡತಿ. ಮೊದಲನೆಯವಳು, ಅಂದರೆ ನನ್ನ ದೊಡ್ಡವ್ವ, ನಮ್ಮಣ್ಣನನ್ನು ಹೆತ್ತ ಹನ್ನೊಂದನೆಯ ದಿನ ತೀರಿಹೋದಳಂತೆ. ಹಿರಿಯಳು ಸತ್ತ ಮನೆಗೆ ಬಂದವಳು ಆಕೆಯ ಮುಖವಿರುವ ಬಿಲ್ಲೆಯೊಂದನ್ನು ಕೊರಳಲ್ಲಿ ಹಾಕಿಕೊಳ್ಳುವುದು ನಮ್ಮ ಮನೆತನದ ಪದ್ಧತಿ. ಹೊಸ ಸೀರೆ ಬಂದರೆ ಮೊದಲು ಬಿಲ್ಲೆಗೆ ಮುಟ್ಟಿಸಬೇಕು, ಹೂವು ತಂದರೆ ಒಂದೆಸಳು ಅದಕ್ಕೆ. ಇಂಥ ಬಿಲ್ಲೆಗಳಲ್ಲಿ ಮುಖವೆಂದರೆ ಸಾಮಾನ್ಯವಾಗಿ ಎರಡು ಚುಕ್ಕೆ, ಒಂದು ಗೆರೆ, ಅಷ್ಟೇ. ಅವ್ವನದು ಹಾಗಿರಲಿಲ್ಲ. ರೂಪಾಯಿಗಿಂತ ತುಸು ದೊಡ್ಡದು. ಪಕ್ಕಕ್ಕೆ ತಿರುಗಿದ ಹೆಣ್ಣುಮುಖ, ನೀಳವಾದ ಮೂಗು. ಅಪ್ಪ ದಾವಣಗೆರೆಯ ಅಕ್ಕಸಾಲಿಗರ ಅಂಗಡಿಯಲ್ಲಿ ಮೂರು ದಿನ ಕೂತು, ಹೀಗಿದ್ದಳು, ಹಾಗಿದ್ದಳು ಎಂದು ಹೇಳಿ ಹೇಳಿ ಮಾಡಿಸಿದ್ದೆಂದು ಮನೆಯಲ್ಲಿ ಮಾತು. ಅಪ್ಪ ತೀರಿದಾಗ ಅವ್ವ ತಾಳಿ ತೆಗೆದಳು, ಬಿಲ್ಲೆ ತೆಗೆಯಲಿಲ್ಲ. "ಅದು ಆಕೀದು, ನಂದಲ್ಲ" ಎಂದು ಕರಿದಾರಕ್ಕೆ ಪೋಣಿಸಿಕೊಂಡಳು.

ಅಣ್ಣ ಹಳ್ಳಿಯಲ್ಲಿ, ಕುಕ್ಕುವಾಡದಲ್ಲಿ, ಹೊಲ ನೋಡಿಕೊಂಡಿದ್ದ. ನಾನು ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟು ದಾವಣಗೆರೆಯ ಒಂದು ಎರಕದ ಕಾರ್ಖಾನೆ ಸೇರಿದವನು. ಮರಳಿನಲ್ಲಿ ಅಚ್ಚು ಕಟ್ಟಿ ಕರಗಿದ ಲೋಹ ಹೊಯ್ಯುವ ಕೆಲಸ. ಅವ್ವ ನನ್ನ ಜೊತೆ ಅಲ್ಲೇ ಇದ್ದಳು. ಓದಿದವರ ಮುಂದೆ ನಾನು ತಲೆ ತಗ್ಗಿಸಿದ್ದಿಲ್ಲ. ನನ್ನ ಕೈಯಿಂದ ಕೆಟ್ಟ ಎರಕ ಹೊರಗೆ ಹೋಗಿಲ್ಲ ಎಂಬ ಜಂಬ ನನಗಿತ್ತು.

ಅಣ್ಣ ಪೇಟೆಗೆ ಬಂದಾಗಲೆಲ್ಲ ಮೊದಲು ಅವ್ವನ ಎದುರು ಕೂತು ಬಿಲ್ಲೆಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಹೆತ್ತವಳ ಫೋಟೊ ಎಂಬುದು ಇರಲೇ ಇಲ್ಲ. ಅವನಿಗೆ ಇದ್ದದ್ದು ಆ ಮುಖ ಒಂದೇ. ನಯಾ ಪೈಸೆ ಬಂದ ಹೊಸದರಲ್ಲಿ ಒಮ್ಮೆ ಬಂದವನು ಹೇಳಿದ:

"ತಮ್ಮಾ, ಚಿಗವ್ವಗೆ ವಯಸ್ಸಾತು. ಈ ಬಿಲ್ಲೆ ಆಕೀ ಜೊತಿ ಮಣ್ಣಿಗೆ ಹೋದ್ರೆ ನಮ್ಮವ್ವನ್ನ ನಾನೆಲ್ಲಿ ನೋಡ್ಲಿ? ಏನೇನೋ ಎರಕ ಹೊಯ್ತೀಯ, ಇದರದೂ ಒಂದು ಹೊಯ್ದು ಕೊಡು."

"ಇನ್ನೂ ನಿನಗ ರೊಟ್ಟಿ ಬಡೀತಾ ಕುಂತೀನಿ, ಆಗ್ಲೇ ಮಣ್ಣಿಗೆ ಕಳಿಸಿದ್ಯೇನೋ!" ಒಲೆಯ ಮುಂದಿನಿಂದ ಅವ್ವ ಕೂಗಿದಳು. ಆದರೂ ಕೈ ತೊಳೆದು ಬಂದು ದಾರ ಬಿಚ್ಚಿ ಕೊಟ್ಟಳು. "ಮುಂದಿನ ಸೋಮವಾರದ ಹೊತ್ತಿಗೆ ನನ್ನ ಕೊರಳಾಗ ಇರ್ಬೇಕು ನೋಡು."

ವರ್ಷಗಟ್ಟಲೆ ಹಚ್ಚಿದ ಅರಿಶಿನ ಕುಂಕುಮ ಬಿಲ್ಲೆಯ ಸುತ್ತ ಗಟ್ಟಿಯಾಗಿ ಕೂತಿತ್ತು. ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಬೆಳ್ಳಿ, ಮೇಲೆ ಚಿನ್ನದ ನೀರು. ಅಂಚಿನಲ್ಲಿ ಅಕ್ಷರಗಳು ಎದ್ದವು. ಯಂತ್ರಗಳ ಮೇಲೆ ಬರೆದಿರುವ ಇಂಗ್ಲಿಷನ್ನು ಕೂಡಿಸಿ ಓದುವಷ್ಟು ನನಗೆ ಬರುತ್ತಿತ್ತು; ಇವೂ ಅವೇ ಅಕ್ಷರ, ಆದರೆ ಎಷ್ಟು ಕೂಡಿಸಿದರೂ ಮಾತಾಗಲಿಲ್ಲ. ಆಕೆಯ ಕೂದಲಿನಲ್ಲಿ ಮುತ್ತಿನ ಸಾಲು, ಕತ್ತಿನ ಸುತ್ತ ನಿರಿಗೆ ನಿರಿಗೆಯಾದ ಬಟ್ಟೆ. ಕುಕ್ಕುವಾಡದಲ್ಲಿ ಕಳೆ ಕೀಳುತ್ತಿದ್ದ ದೊಡ್ಡವ್ವ ಇಂಥದ್ದನ್ನು ಯಾವಾಗ ತೊಟ್ಟಳು?

ಇನ್ನೊಂದು ಸಂಗತಿ ನನ್ನ ಕಸುಬು ಹೇಳಿತು. ಇದು ನಾಣ್ಯದಂತೆ ಒತ್ತಿ ಹೊಡೆದದ್ದಲ್ಲ, ಹೊಯ್ದದ್ದು. ಕಿವಿಯ ಹತ್ತಿರ ಸೂಜಿಮೊನೆಯಷ್ಟು ಗಾಳಿಗುಳ್ಳೆ ಇತ್ತು. ದಾರ ಪೋಣಿಸುವ ಕೊಂಡಿಯೂ ಬೆಸೆದದ್ದಲ್ಲ, ಮೈಯ ಜೊತೆಗೇ ಎರಕವಾಗಿತ್ತು. ಅಂದರೆ ಹುಟ್ಟಿದಾಗಿನಿಂದಲೇ ಇದು ಯಾರದೋ ಕೊರಳಿಗೆಂದು ಆದದ್ದು. ಮಾಡಿದವನು ಯಾರೋ, ಎಲ್ಲಿಯವನೋ, ನನ್ನ ಕಸುಬಿನವನು. ನನಗಿಂತ ಒಂದು ಕೈ ಮೇಲೆ ಎಂದು ಒಪ್ಪಿಕೊಳ್ಳಲು ನನಗೆ ಅರ್ಧ ದಿನ ಹಿಡಿಯಿತು.

ಹರಿಹರದ ಇಗರ್ಜಿಯೊಂದರ ಕಿಟಕಿಗೆ ನಾನು ಜಾಲರಿ ಹೊಯ್ದು ಕೊಟ್ಟಿದ್ದೆ. ಅಲ್ಲಿನ ಮುದಿ ಪಾದ್ರಿಗಳ ಮೇಜಿನ ಮೇಲೆ ಅಕ್ಷರ ಇಂಗ್ಲಿಷಿನದಾದರೂ ಮಾತು ಇಂಗ್ಲಿಷಲ್ಲದ ಪುಸ್ತಕಗಳಿದ್ದದ್ದು ನೆನಪಾಯಿತು. ಭಾನುವಾರ ರೈಲು ಹತ್ತಿದೆ.

ಅವರು ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಲ್ಯಾಟಿನ್ ಭಾಷೆ. ಒಬ್ಬ ರಾಣಿಯ ಹೆಸರು. ಕಡಲಾಚೆಯವಳು, ಸುಮಾರು ನಾನೂರು ವರ್ಷದ ಹಿಂದೆ ಇದ್ದವಳು."

"ಆಗಿನ ರೊಕ್ಕ ಏನ್ರಿ ಇದು?"

"ಅಲ್ಲಪ್ಪ. ತಮಗೆ ಬೇಕಾದವರಿಗೆ ಅರಸರು ಇಂಥದ್ದನ್ನು ಕೊಡುತ್ತಿದ್ದರು, ಅವರು ಒಡವೆಯಂತೆ ಹಾಕಿಕೊಳ್ಳುತ್ತಿದ್ದರು. ಉಳಿದಿರುವುದು ಬಹಳ ಕಡಿಮೆ. ನಿನಗೆಲ್ಲಿ ಸಿಕ್ಕಿತು?"

"ನಮ್ಮವ್ವನ ಕೊರಳಾಗ."

ಅಪ್ಪ ಅಕ್ಕಸಾಲಿಗರ ಹತ್ತಿರ ಮಾಡಿಸಿದ ಕತೆಯನ್ನೂ ಹೇಳಿದೆ. ಅವರು ನಕ್ಕರು. ಗೋವಾದ ಹಡಗಿನಲ್ಲಿ ಯಾರ ಕೊರಳಲ್ಲೋ ಬಂದಿರಬಹುದು, ಅಲ್ಲಿಂದ ದಾವಣಗೆರೆಯ ಅಕ್ಕಸಾಲಿಗರವರೆಗಿನ ದಾರಿ ದೇವರಿಗೇ ಗೊತ್ತು ಎಂದರು. ರೈಲಿನಲ್ಲಿ ವಾಪಸು ಬರುವಾಗ ಆ ದಾರಿಯನ್ನೇ ಯೋಚಿಸುತ್ತ ಕೂತೆ. ಊರು ಹತ್ತಿರವಾದಂತೆ ಅಣ್ಣ ನೆನಪಾದ. ನನ್ನ ಕುತೂಹಲ ಅಲ್ಲಿಗೆ ನಿಂತಿತು.

ಅವ್ವನಿಗೆ ಮೊದಲು ಹೇಳಿದೆ. ಆಕೆ ಕೇಳಿದ್ದು ಒಂದೇ: "ಹಂಗಾರೆ ಇಷ್ಟು ವರ್ಷ ಸೀರೆ ಮುಟ್ಟಿಸಿದ್ದು ಯಾರಿಗೆ?" ಆಮೇಲೆ, "ನಿಮ್ಮಣ್ಣಗೆ ನೀನೇ ಹೇಳು. ನನ್ನ ಬಾಯಾಗ ಬರಾದಿಲ್ಲ" ಎಂದಳು.

ಸೋಮವಾರ ಅಣ್ಣ ಬಂದ. ಹೇಳಿದೆ. ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ತನ್ನ ಮೂಗನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಅವನದೂ ನೀಳ ಮೂಗೇ. ಬಿಲ್ಲೆಯ ಮೂಗಿಗೆ ಅದನ್ನು ಹೋಲಿಸಿ, ಹೆತ್ತವಳ ಮಗನೇ ಎಂದು ಹೇಳದವರಿರಲಿಲ್ಲ.

"ಆ ರಾಣಿಗೆ ಮಕ್ಕಳಿದ್ವೇನು?"

"ಕೇಳ್ಲಿಲ್ಲಣ್ಣ."

"ಅಷ್ಟು ದೂರ ಹೋಗಿ ಅದನ್ನ ಕೇಳ್ಲಿಲ್ಲ ನೀನು?" ಬಿಲ್ಲೆಯನ್ನು ನನ್ನ ಕೈಗಿಟ್ಟ. "ಇರ್ಲಿ. ಹುಟ್ಟಿದಾಗಿಂದ ಇದನ್ನೇ ಅವ್ವಾ ಅಂದೀನಿ. ಈಗ ಯಾರನ್ನ ಹುಡುಕ್ಲಿ? ಹೊಯ್ಯಿ. ಆದ್ರೆ ಆ ಅಕ್ಷರ ಬ್ಯಾಡ, ಮುಖ ಅಷ್ಟೇ ಬರ್ಲಿ."

ಬಿಲ್ಲೆಯನ್ನು ಅವ್ವನಿಗೆ ಕೊಡಲೇಬೇಕಿದ್ದ ದಿನ ಅದು. ಅಣ್ಣನನ್ನೂ ಕರೆದುಕೊಂಡು ಕಾರ್ಖಾನೆಗೆ ಹೋದೆ. ಇದ್ದದ್ದು ಪಂಪಿನ ಮೈ ಹೊಯ್ಯುವ ದಪ್ಪ ಮರಳು. ಅದರಲ್ಲೇ ಒತ್ತಿ, ಅಕ್ಷರ ಮೂಡಿದ ಕಡೆ ಹೆಬ್ಬೆರಳಿನಿಂದ ಮರಳು ತುಂಬಿ ಸವರಿದೆ. ಕೊಟ್ಟ ಮಾದರಿಯಲ್ಲಿ ಒಂದು ಗೆರೆಯನ್ನೂ ಅಳಿಸಿದವನಲ್ಲ ನಾನು, ಅವತ್ತು ಅಳಿಸಿದೆ. ಹಿತ್ತಾಳೆ ಹೊಯ್ದೆ. ಗಟ್ಟಿಯಾದ ಮೇಲೆ ಅಚ್ಚು ಒಡೆದು ನೋಡಿದೆ. ದಪ್ಪ ಮರಳು ಸೂಕ್ಷ್ಮವನ್ನೆಲ್ಲ ನುಂಗಿತ್ತು. ಮುತ್ತುಗಳು ದಂಡೆಗಟ್ಟಿದ ಮಲ್ಲಿಗೆಯ ಹಾಗೆ ಉಬ್ಬಿದ್ದವು, ಕತ್ತಿನ ನಿರಿಗೆಗಳು ಕೂಡಿಕೊಂಡು ಹೊದ್ದ ಸೆರಗಿನಂತಾಗಿದ್ದವು, ಮೂಗು ಮೊಂಡಾಗಿತ್ತು.

"ಕೊಡಣ್ಣ, ಇದು ಕೆಟ್ಟೈತೆ. ನುಣ್ಣನೆ ಮರಳು ತರಿಸಿ ಇನ್ನೊಂದು ಹೊಯ್ತೀನಿ."

ಅವನು ಆಗಲೇ ಅದನ್ನು ಪಂಚೆಯ ಅಂಚಿಗೆ ಒರೆಸಿ ಹಿಡಿದು ನೋಡುತ್ತಿದ್ದ. "ಮುಟ್ಟಬ್ಯಾಡ. ಈಗ ನೋಡು, ನಮ್ಮೂರ ಕಡೆ ಹೆಣ್ಮಗಳ ಹಂಗೆ ಕಾಣ್ತಾಳೆ." ಇನ್ನೂ ಬಿಸಿಯಿದ್ದದ್ದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡ.

ಬೆಳ್ಳಿಯದು ಅವ್ವನ ಕರಿದಾರಕ್ಕೆ ಮರಳಿತು. ಹಿತ್ತಾಳೆಯದು ಕುಕ್ಕುವಾಡದ ಮನೆಯ ದೇವರ ಜಗಲಿ ಸೇರಿತು. ಅಲ್ಲಿಗೆ ಹೋದಾಗಲೆಲ್ಲ, ಅಣ್ಣ ಇಲ್ಲದ ಹೊತ್ತು ನೋಡಿ, ಅದನ್ನು ಎತ್ತಿಕೊಂಡು ನನ್ನ ತಪ್ಪುಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಮತ್ತೊಂದು ಹೊಯ್ದು ಕೊಡುತ್ತೇನೆಂದು ಎಷ್ಟು ಸಲ ಕೇಳಿದರೂ ಅವನು ಅದನ್ನು ಬಿಟ್ಟುಕೊಡಲಿಲ್ಲ.