ನಮ್ಮ ಸಾಹೇಬರ ಪೈಗಂಬರ್ ಲೇಖನ

ಹಣೆಯ ಮೇಲೆ ವಿಭೂತಿಯ ಮೂರು ಗೆರೆ, ಬಲಗೈ ತೋರುಬೆರಳಿನ ಮೇಲೆ ಹಸಿರು ಶಾಯಿಯ ಕಲೆ. ನಮ್ಮ ಸಾಹೇಬರು ನಿವೃತ್ತರಾಗಿ, ದೆಹಲಿಯ ಸರೋಜಿನಿ ನಗರದ ಕ್ವಾರ್ಟರ್ಸ್ ಬಿಟ್ಟು ನೋಯ್ಡಾ ಸೇರಿದ ಮೇಲೂ ಇವೆರಡೂ ಹಾಗೇ ಇದ್ದವು.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ನಾನು ಅವರ ಕೈಕೆಳಗಿನ ಗುಮಾಸ್ತ. ಫೈಲಿನ ಮೇಲೆ ಕೂರುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. “ಆಗಲ್ಲ ಅಂದ್ರೆ ಆಗಲ್ಲ ಅಂತ ಬರಿ. ಕಾರಣ ಬರಿ, ಸಹಿ ಹಾಕು. ಸುಮ್ನೆ ಇಟ್ಕೊಂಡು ಕೂತ್ಕೋಬೇಡ ಕಣಯ್ಯ,” ಎನ್ನುತ್ತಿದ್ದರು. ಕೆಲಸ ಅಂತ ನಾನು ಕಲಿತದ್ದೇನಾದರೂ ಇದ್ದರೆ ಅವರಿಂದಲೇ.

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ನಾನೇ ಸಂಪಾದಕ. ಬೇರೆ ಯಾರೂ ಒಪ್ಪುವುದಿಲ್ಲ, ಹಾಗಾಗಿ. ಒಂದು ವರ್ಷ ಸಾಹೇಬರು ಹನ್ನೆರಡು ಹಾಳೆಯ ಲೇಖನ ತಂದುಕೊಟ್ಟರು. ಮುಸ್ಲಿಮರಲ್ಲದ ಚಿಂತಕರು ಪೈಗಂಬರರಲ್ಲಿ ಮೆಚ್ಚಿದ್ದೇನು ಎಂಬುದು ವಿಷಯ. ಒಬ್ಬರಿಗೆ ಅವರ ಸರಳತೆ ಹಿಡಿಸಿತ್ತು: ನಾಡನ್ನೇ ಆಳುವಾಗಲೂ ಚಾಪೆಯ ಮೇಲೆ ಮಲಗಿದವರು, ತಮ್ಮ ಚಪ್ಪಲಿ ತಾವೇ ಹೊಲಿದುಕೊಂಡವರು. ಇನ್ನೊಬ್ಬರಿಗೆ ಅವರ ಕ್ಷಮೆ: ತಮ್ಮನ್ನು ಓಡಿಸಿದ ಊರಿಗೇ ಗೆದ್ದು ಮರಳಿದಾಗ ಅಲ್ಲಿನವರನ್ನು ಕ್ಷಮಿಸಿದವರು.

“ನಿಮಗ್ಯಾಕೆ ಸಾರ್ ಇದೆಲ್ಲ?” ಎಂದು ಕೇಳಿದೆ.

“ತನ್ನವರನ್ನ ಹೊಗಳೋದಕ್ಕೇನು, ಯಾರು ಬೇಕಾದ್ರೂ ಹೊಗಳ್ತಾರೆ. ಬೇರೆಯವರನ್ನ ಹೊಗಳಬೇಕಾದ್ರೆ ಮೊದಲು ಕೂತು ಓದ್ಬೇಕು. ಇವರೆಲ್ಲ ಓದಿದ್ರು ನೋಡು, ಅದು ನನಗಿಷ್ಟ.”

ಲೇಖನ ಚೆನ್ನಾಗಿತ್ತು. ಆದರೆ ನನಗೆ ಹೆದರಿಕೆ. ಈಗಿನ ಕಾಲ, ಎದುರು ಫ್ಲ್ಯಾಟಿನವರು ವಾಟ್ಸಾಪಿನಲ್ಲಿ ಏನು ಹಾಕುತ್ತಾರೋ, ಸಂಘ ಒಡೆದುಹೋದರೆ? ಹಾಕುತ್ತೇನೆ ಎನ್ನಲಿಲ್ಲ, ಆಗಲ್ಲ ಎನ್ನಲೂ ಇಲ್ಲ. “ನೋಡೋಣ ಸಾರ್, ಕಮಿಟಿ ಮುಂದಿದೆ,” ಎಂದೆ. ಕಮಿಟಿಗೆ ತೋರಿಸಿಯೇ ಇರಲಿಲ್ಲ. ಹೀಗೆ ಮೂರು ಸಂಚಿಕೆ ಕಳೆದವು.

ಕೊನೆಗೆ ಸಾಹೇಬರು ಆಸ್ಪತ್ರೆ ಸೇರಿದರು, ನೋಡಲು ಹೋದೆ. ಉಸಿರಾಟವೇ ಕಷ್ಟವಾಗಿತ್ತು. ಆದರೂ ಕೇಳಿದರು, “ಏನಾಯ್ತಯ್ಯ ನನ್ ಲೇಖನ?”

“ಓಖ್ಲಾದ ಪ್ರೆಸ್ಸಿಗೆ ಕೊಟ್ಟಿದೀನಿ ಸಾರ್.”

“ಅಚ್ಛಾ. ಪ್ರೂಫ್ ತಗೊಂಡ್ಬಾ ಹಾಗಾದ್ರೆ.”

ಪ್ರೆಸ್ಸಿಗೆ ಕೊಟ್ಟೇ ಇರಲಿಲ್ಲ. ನಾನು ತಲೆ ತಗ್ಗಿಸಿದೆ. ಅವರಿಗೆ ಅರ್ಥವಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಬೇಡ ಅಂತಾದ್ರೂ ಹೇಳ್ಬಾರ್ದಾಗಿತ್ತಾ,” ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡರು. ನಾಲ್ಕನೆಯ ದಿನ ಹೋಗಿಬಿಟ್ಟರು.

ಈ ವರ್ಷ ಲೇಖನ ಹಾಕಿದೆ, ಒಂದಕ್ಷರವನ್ನೂ ಬಿಡದೆ. ಸಂಚಿಕೆ ಹಂಚಿದ ಮೇಲೆ ಫೋನ್ ಬರುತ್ತದೆ, ಜಗಳ ಆಗುತ್ತದೆ ಎಂದು ಎರಡು ವಾರ ಕಾದೆ. ಯಾರೂ ಏನೂ ಅನ್ನಲಿಲ್ಲ. ಹತ್ತು ಜನ ಓದಿರಬಹುದು. ಕಿದ್ವಾಯಿ ನಗರದ ಒಬ್ಬರು ಮಾತ್ರ ಫೋನ್ ಮಾಡಿ, “ಬಹಳ ಚೆನ್ನಾಗಿದೆ, ಬರೆದವರ ನಂಬರ್ ಕೊಡ್ತೀರಾ?” ಎಂದು ಕೇಳಿದರು.