ಏಳೂವರೆ ಬಸ್ಸಿನ ಎರಡನೇ ಆವೃತ್ತಿ

ಕಳೆದ ವರ್ಷ ಜೂನ್ ತಿಂಗಳ ಮೊದಲ ಭಾನುವಾರ ಸಂಜೆ, ತಮಿಳುನಾಡು ಗಡಿಯ ಹೊಸೂರಿನಲ್ಲಿರುವ ನನ್ನ ತಂಗಿಯ ಮನೆಯ ಊಟದ ಮೇಜಿನಿಂದ ಒಂದು ಮೊಬೈಲ್ ಆ್ಯಪ್‌ನ ಎರಡನೇ ಆವೃತ್ತಿ ಬಿಡುಗಡೆಯಾಯಿತು. ಅಂಚೆಟ್ಟಿ, ಡೆಂಕಣಿಕೋಟೆ ಕಡೆಯ ಬೆಟ್ಟದ ಊರುಗಳಿಗೆ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವುದು ಆ್ಯಪ್‌ನ ಕೆಲಸ. ಕನ್ನಡ, ತಮಿಳು, ತೆಲುಗು ಮೂರರಲ್ಲೂ, ಸಿಗ್ನಲ್ ಸಿಗದ ಕಡೆಯೂ ಹೇಳುತ್ತದೆ. ಬಿಡುಗಡೆಯ ವೇಳೆ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್, ಮೂರು ಫೋನು ಮತ್ತು ಒಂದು ತಟ್ಟೆ ಮಾವಿನ ಹೋಳು ಇದ್ದವು.

ತಂಗಿ ಅಂಚೆಟ್ಟಿ ಕಡೆಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬಸ್ಸಿಗೆ ಕಾದು ಕಾದು ಬೇಸತ್ತು ಅವಳೇ ಕೂತು ಬರೆದ ಆ್ಯಪ್ ಇದು. ಆದರೆ ‘ನಿನ್ನ ಆ್ಯಪ್’ ಎಂದರೆ ಒಪ್ಪುವುದಿಲ್ಲ. ಇದು ಓಪನ್ ಸೋರ್ಸ್. ಒಳಗಿನ ಕೋಡೆಲ್ಲ ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟಿದೆ; ಯಾರು ಬೇಕಾದರೂ ನೋಡಬಹುದು, ಬಳಸಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಕಳಿಸಿದ ತಿದ್ದುಪಡಿಯನ್ನು ಸೇರಿಸುವುದೋ ಬಿಡುವುದೋ ಇಬ್ಬರ ಕೈಯಲ್ಲಿದೆ. ಒಬ್ಬಳು ತಂಗಿ. ಇನ್ನೊಬ್ಬ ಅವಳ ಕಾಲೇಜಿನ ಸಹಪಾಠಿ, ಕೃಷ್ಣಗಿರಿಯವನು, ಹೊಸೂರಿನ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದಾನೆ. ತಂದುಕೊಟ್ಟ ಕಾಫಿ ಲೋಟವನ್ನೂ ಒಮ್ಮೆ ಅಂಚು ಸವರಿ ನೋಡಿಯೇ ಕುಡಿಯುವ ಮನುಷ್ಯ.

ನಾನು ಬಹುಕಾಲ ಪತ್ರಿಕೆಯ ಡೆಸ್ಕಿನಲ್ಲಿದ್ದವನು ಎಂಬ ಕಾರಣಕ್ಕೆ, ಈ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಎಂಬ ಪ್ರಕಟಣೆಯನ್ನು ಬರೆಯುವ ಕೆಲಸ ನನಗೆ ಬಂದಿತ್ತು. ಮೊದಲ ಕರಡನ್ನು ಓದಿ ತಂಗಿ ಹೇಳಿದಳು: “ಅಣ್ಣ, ‘ತಿಳಿದುಬಂದಿದೆ’ ಅನ್ನೋದನ್ನೆಲ್ಲ ತೆಗಿ. ಮಾಡಿರೋರು ನಾವೇ. ನಮಗೆ ಯಾರಿಂದ ತಿಳಿದುಬರ್ಬೇಕು?”

ಆವೃತ್ತಿಗಳಿಗೆ ಮಾವಿನ ಹೆಸರಿಡುವುದು ಕೃಷ್ಣಗಿರಿಯವನ ಹಟ. ಮೊದಲನೆಯದು ‘ಸೇಂದೂರ’. ಎರಡನೆಯದು ಮೇ ತಿಂಗಳ ಆರಂಭದಲ್ಲೇ ‘ಬಾದಾಮಿ’ ಎಂದು ಬರಬೇಕಿತ್ತು. ಕೆಲಸ ಮುಗಿಯುವಷ್ಟರಲ್ಲಿ ಮಂಡಿಯಲ್ಲಿ ಬಾದಾಮಿ ಹಿಂದೆ ಸರಿದು ತೋತಾಪುರಿ ರಾಶಿ ಬಿದ್ದಿತ್ತು.

“ತೋತಾಪುರಿ ಅಂತ ಇಟ್ರೆ ಜ್ಯೂಸ್ ಫ್ಯಾಕ್ಟರಿ ಆ್ಯಪ್ ಅಂದ್ಕೊತಾರೆ ಕಣೋ,” ಎಂದಳು ತಂಗಿ.

“ಟೈಮಿಗೆ ಮುಗಿಸಿದ್ರೆ ಬಾದಾಮಿ ಸಿಗ್ತಿತ್ತು, ಟೀಚರಮ್ಮ. ಇನ್ನೂ ಎಳೆದ್ರೆ ನೀಲಂ. ಆಮೇಲೆ ಉಪ್ಪಿನಕಾಯಿ ಅಂತ ಇಡ್ಬೇಕಾಗುತ್ತೆ.”

ತಡವಾದರೂ ಒಂದು ಗಡುವಂತೂ ಇತ್ತು. ಶಾಲೆ ತೆರೆಯುವ ಸೋಮವಾರದಿಂದ ಬೆಟ್ಟದ ಕಡೆಯ ಹಲವು ಬಸ್ಸುಗಳ ವೇಳೆ ಬದಲಾಗುವುದಿತ್ತು. ಹಳೆಯ ಆವೃತ್ತಿಯನ್ನು ನಂಬಿ ಹೊರಟರೆ ಬಸ್ಸು ಹೋದ ಮೇಲೆ ಸ್ಟಾಪಿಗೆ ಬಂದಂತಾಗುತ್ತಿತ್ತು. ಮುಂದಿನ ಬಸ್ಸು ಮಧ್ಯಾಹ್ನಕ್ಕೆ.

ಇಲ್ಲಿ ಆ ಕಡೆಯವರ ಒಂದು ರೂಢಿಯನ್ನು ಹೇಳಬೇಕು. ಅವರು ಬಸ್ಸನ್ನು ನಂಬರಿನಿಂದ ಕರೆಯುವುದಿಲ್ಲ. ಹಾಲಿನ ಕ್ಯಾನು ಹೊತ್ತು ಬರುವುದು ಹಾಲಿನ ಬಸ್ಸು. ರಾತ್ರಿ ಊರಲ್ಲೇ ತಂಗುವುದು ಹಾಲ್ಟು. ಉಳಿದವಕ್ಕೆ ಗಂಟೆಯೇ ಹೆಸರು, ಆದರೆ ಅದು ಬಸ್ಸು ಮೊದಲು ಬಂದ ಕಾಲದ ಗಂಟೆ. ಏಳೂವರೆ ಬಸ್ಸು ನಮ್ಮ ತಾಯಿಯ ಕಾಲದಲ್ಲಿ ಏಳೂವರೆಗೆ ಬರುತ್ತಿತ್ತಂತೆ. ಅನಂತರ ಎಂಟಾಯಿತು, ಏಳೂ ಮುಕ್ಕಾಲಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು. ಜನ ಹೇಗೆ ಕರೆಯುತ್ತಾರೋ ಹಾಗೆಯೇ ತಂಗಿ ಮೊದಲ ಆವೃತ್ತಿಯಲ್ಲಿ ಬಸ್ಸುಗಳ ಹೆಸರು ಹಾಕಿದ್ದಳು. ಪಕ್ಕದಲ್ಲಿ ನಿಜವಾದ ವೇಳೆ.

ಮೇ ತಿಂಗಳಲ್ಲಿ ಒಂದು ದಿನ, ಯಾವ ದೇಶದವರೋ ಗೊತ್ತಿಲ್ಲ, ಒಬ್ಬರು ತಿದ್ದುಪಡಿ ಕಳಿಸಿದರು. ನಿಮ್ಮ ಮಾಹಿತಿಯಲ್ಲಿ ಬಸ್ಸಿನ ಹೆಸರಿನಲ್ಲಿರುವ ಗಂಟೆಗೂ ಹೊರಡುವ ಗಂಟೆಗೂ ತಾಳೆಯಿಲ್ಲ, ಎಲ್ಲವನ್ನೂ ಸರಿಪಡಿಸಿದ್ದೇನೆ ಎಂದು ಇಂಗ್ಲಿಷಿನಲ್ಲಿ ವಿನಯದ ಟಿಪ್ಪಣಿ. ನಾವು ಆಗಲೇ ಸೇರಿಸಿದ್ದ ಹೊಸ ವೇಳಾಪಟ್ಟಿಯಂತೆ ಏಳೂವರೆ ಬಸ್ಸು ಹೊರಡುವುದು ಆರು ಐವತ್ತಕ್ಕೆ. ಆದ್ದರಿಂದ ಅದರ ಹೆಸರು ‘ಆರು ಐವತ್ತರ ಬಸ್ಸು’ ಎಂದಾಗಿತ್ತು.

ಈ ಯೋಜನೆಗೆ ಹೊರಗಿನವರು ಕೈಹಾಕಿದ್ದು ಅದೇ ಮೊದಲು. ತಂಗಿ ಆ ಟಿಪ್ಪಣಿಯ ಚಿತ್ರ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಕೃಷ್ಣಗಿರಿಯವನು ಪ್ರತಿ ಸಾಲನ್ನೂ ತಾಳೆ ನೋಡಿ, “ಒಂದು ತಪ್ಪಿಲ್ಲ. ಪಾಸ್,” ಎಂದ. ಅವನಿಗೆ ಇನ್ನೊಂದು ಸಮಾಧಾನವೂ ಇತ್ತು. “ತಮಿಳಲ್ಲಿ ಏಳರೆ ಅಂದ್ರೆ ಶನಿ ಕಾಟ. ಪೀಡೆ ತೊಲಗ್ತು, ಬಿಡು.” ನನ್ನ ಡೆಸ್ಕಿನ ಕಣ್ಣಿಗೂ ಹೆಸರು, ವೇಳೆ ಎರಡೂ ಹೊಂದಿದ್ದು ಹಿತವಾಗಿಯೇ ಕಂಡಿತು. ತಿದ್ದುಪಡಿ ಸೇರಿತು.

ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ಒಂದು ಪ್ರತಿಯನ್ನು ತಂಗಿ ಕೆಲವರಿಗೆ ಮಾತ್ರ ಕಳಿಸಿದಳು. ‘ಪರೀಕ್ಷೆಗೆ ಮಾತ್ರ, ಯಾರಿಗೂ ಕೊಡಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದಳು. ಕೊಡಬೇಡಿ ಎಂದಿದ್ದರಿಂದ ಅದು ಎರಡು ದಿನದಲ್ಲಿ ಬೆಟ್ಟವೆಲ್ಲ ಸುತ್ತಿತು.

ಭಾನುವಾರ ಬೆಳಗ್ಗೆ ನಾವು ಕೊನೆಯ ಪರಿಶೀಲನೆಗೆ ಕೂತಿದ್ದಾಗ ಚಿಕ್ಕಮ್ಮನ ಫೋನು ಬಂತು. ನಮ್ಮ ತಾಯಿಯ ತಂಗಿ ಅವರು, ಅಂಚೆಟ್ಟಿಯಿಂದ ಆಚೆಯ ಊರು. ಡೆಂಕಣಿಕೋಟೆಯ ಒಂದು ಖಾಸಗಿ ಶಾಲೆಯ ಅಡುಗೆಮನೆಯಲ್ಲಿ ಅವರಿಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು. ಚಿಕ್ಕಮ್ಮ ಮನೆಯಲ್ಲಿ ಆಡುವುದು ಕನ್ನಡ, ಓದಿದ್ದು ತಮಿಳು ಶಾಲೆಯಲ್ಲಿ. ಆ್ಯಪ್ ನೋಡುವುದೂ ತಮಿಳಿನಲ್ಲೇ. ಪರೀಕ್ಷೆಯ ಪ್ರತಿ ಪಡೆದವರಲ್ಲಿ ಅವರೂ ಒಬ್ಬರು. ತಂಗಿ ಫೋನನ್ನು ಸ್ಪೀಕರಿಗೆ ಹಾಕಿದಳು.

“ಏಳೂವರೆ ಬಸ್ಸು ನಿಂತೋಯ್ತಲ್ಲವ್ವ.”

“ನಿಂತಿಲ್ಲ ಚಿಕ್ಕಮ್ಮ. ಯಾರು ಹೇಳಿದ್ದು?”

“ನೀನೇ ಹೇಳಿರೋದು. ನಿನ್ನ ಆಪ್ನಾಗೆ ಮೇಲಿಂದ ಕೆಳಗಂಟ ನೋಡ್ಬುಟ್ಟೆ. ಎಲ್ಲೂ ಇಲ್ಲ.”

“ಆರು ಐವತ್ತರ ಬಸ್ಸು ಅಂತ ಇದೆ ನೋಡಿ.”

“ಐತೆ. ಅದ್ಯಾವ್ದೋ ಹೊಸ ಬಸ್ಸು. ಎಲ್ಲಿಗೋಯ್ತದೋ ಏನೋ, ನನಗ್ಯಾಕೆ?”

“ಅದೇ ಏಳೂವರೆ ಬಸ್ಸು ಚಿಕ್ಕಮ್ಮ. ನಾಳೆಯಿಂದ ಆರು ಐವತ್ತಕ್ಕೆ ಬರುತ್ತೆ.”

ಚಿಕ್ಕಮ್ಮ, “ಬಂದ್ರೆ ಬರ್ಲಿ. ಅದಕ್ಕೆ ಹೆಸರ್ಯಾಕೆ ಕಿತ್ತಾಕ್ದೆ?” ಎಂದರು.

ಕೃಷ್ಣಗಿರಿಯವನು ಫೋನಿನತ್ತ ಬಾಗಿದ. “ಅಮ್ಮ, ಆರು ಐವತ್ತಕ್ಕೆ ಬರೋದನ್ನ ಏಳೂವರೆ ಅಂದ್ರೆ ತಪ್ಪಲ್ವಾ? ನೀವು ಏಳೂವರೆಗೆ ಬಂದು ನಿಂತ್ಬಿಡಲ್ವಾ?”

“ಏಳೂವರೆ ಬಸ್ಸಿಗೆ ಏಳೂವರೆಗೆ ಯಾರಪ್ಪ ಬತ್ತಾರೆ?” ಎಂದರು ಚಿಕ್ಕಮ್ಮ. ಅವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಚಿಕ್ಕಮ್ಮ ಹಿಂದಿನ ದಿನವೇ ಶಾಲೆಯ ಮೇಡಮ್ಮಿಗೆ ಫೋನು ಮಾಡಿ, ಬಸ್ಸಿಲ್ಲ, ನಾನು ಬರಲಾರೆ, ಬೇರೆಯವರನ್ನು ನೋಡಿಕೊಳ್ಳಿ ಎಂದುಬಿಟ್ಟಿದ್ದರು.

“ಅಲ್ಲ ಚಿಕ್ಕಮ್ಮ, ನಮ್ಮನ್ನ ಒಂದು ಮಾತು ಕೇಳ್ಬಾರ್ದಿತ್ತಾ?” ಎಂದೆ ನಾನು.

“ನೀನೂ ಅಲ್ಲೇ ಇದ್ದೀಯೇನ್ಲಾ? ಪೇಪರ್ನಾಗೆ ಇದ್ದೋನು, ನೀನಾದ್ರೂ ನೋಡ್ಬಾರ್ದಿತ್ತಾ?” ಎಂದವರು, ದನಿ ಇಳಿಸಿ, “ಒಳ್ಳೆ ಕೆಲ್ಸ ಕಣ್ಲಾ. ಅನ್ನಕ್ಕೆ ಇಡೋ ಪಾತ್ರೆ ನೋಡ್ಕೊಂಡು ಬಂದಿದ್ದೆ. ನಾನೇ ಒಳಗೆ ಕೂತ್ಕಬೋದು, ಅಷ್ಟು ದೊಡ್ದು,” ಎಂದರು.

ತಂಗಿ ಕೂಡಲೇ ಮೇಡಮ್ಮಿಗೆ ಫೋನು ಮಾಡಿದಳು. ತಾನು ಯಾರು, ಚಿಕ್ಕಮ್ಮ ತನಗೆ ಏನಾಗಬೇಕು, ಬಸ್ಸು ಇರುವುದು ನಿಜ ಎಂದು ವಿವರಿಸಿದಳು. ಮೇಡಮ್ ತಮಿಳಿನಲ್ಲಿ ಸಾವಧಾನವಾಗಿ ಉತ್ತರಿಸಿದರು: ಹಿಂದೆ ಅಡುಗೆಯವರು ಒಬ್ಬೊಬ್ಬರೂ ಬಸ್ಸಿನ ಬಗ್ಗೆ ಒಂದೊಂದು ಹೇಳುತ್ತಿದ್ದರು. ಈ ಆ್ಯಪ್ ಬಂದ ಮೇಲೆ ನಾನು ಯಾರ ಮಾತನ್ನೂ ಕೇಳುವುದಿಲ್ಲ, ಅದನ್ನೇ ನೋಡುತ್ತೇನೆ. ಹೊಸ ಪ್ರತಿ ನನ್ನ ಫೋನಿಗೂ ಬಂದಿದೆ, ಅದರಲ್ಲಿ ಏಳೂವರೆ ಬಸ್ಸು ಇಲ್ಲ.

“ಆ ಆ್ಯಪ್ ಮಾಡಿದ್ದು ನಾನೇ, ಮೇಡಮ್,” ಎಂದಳು ತಂಗಿ.

ಇರಬಹುದು, ಎಂದರು ಮೇಡಮ್. ಸಂಜೆಯೊಳಗೆ ಅದರಲ್ಲಿ ತೋರಿಸಿದರೆ ಕೆಲಸ ನಿಮ್ಮ ಚಿಕ್ಕಮ್ಮನಿಗೇ. ಇಲ್ಲವಾದರೆ ಊರಲ್ಲೇ ಇರುವ ಒಬ್ಬರಿಗೆ ಹೇಳಿ ಕಳಿಸಬೇಕಾಗುತ್ತದೆ. ನಾಳೆ ಮಕ್ಕಳು ಬರುತ್ತಾರೆ.

ತಂಗಿ ಫೋನು ಕೆಳಗಿಟ್ಟಳು. ತನ್ನ ಕೆಲಸದ ಬಗ್ಗೆ ಇಷ್ಟು ನಂಬಿಕೆಯ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ಅದರಿಂದ ಅವಳಿಗೆ ಯಾವ ಉಪಯೋಗವೂ ಆಗಲಿಲ್ಲ.

ತಿದ್ದುಪಡಿಯನ್ನು ಹಿಂದಕ್ಕೆ ತೆಗೆಯುವುದು ಸುಲಭ, ಆಯಿತು. ಹಳೆಯ ಹೆಸರುಗಳು ಮರಳಿದವು. ಆದರೆ ಹೊಸಬರು ಹೆಸರನ್ನೇ ವೇಳೆ ಎಂದುಕೊಂಡಾರು ಎಂಬ ಅನುಮಾನ ಕೃಷ್ಣಗಿರಿಯವನಿಗೆ ಹೋಗಲಿಲ್ಲ. ಕೊನೆಗೆ ಹೆಸರನ್ನು ಹಾಗೇ ಬಿಟ್ಟು, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ‘ಹೊರಡುವುದು’ ಎಂದು ಬರೆದು ವೇಳೆ ಕೊಡುವುದೆಂದು ಇಬ್ಬರೂ ಒಪ್ಪಿದರು. ತಂಗಿ ಅದನ್ನು ಬರೆದಳು. ಆಗ ಅವನು, “ಈಗ ಟೆಸ್ಟಿಂಗ್ ಮೊದಲಿಂದ,” ಎಂದ.

“ಒಂದು ಸಾಲು ಬದಲಾಗಿದೆ ಅಷ್ಟೇ ಕಣೋ. ಸಂಜೆಯೊಳಗೆ ಬೇಕು.”

“ನಮ್ಮ ಫ್ಯಾಕ್ಟರೀಲಿ ಒಂದು ಸ್ಕ್ರೂ ಬದಲಾದ್ರೂ ಮೊದಲಿಂದ. ಪಾಸ್ ಅಂತ ಒಂದ್ಸಲ ಹೇಳಿ ಮರ್ಯಾದೆ ಹೋಗಿದೆ. ಇನ್ನೊಂದ್ಸಲ ಆಗಲ್ಲ.”

ಮೂರು ಫೋನು, ಮೂರು ಭಾಷೆ. ಕನ್ನಡ ನನ್ನ ಪಾಲಿಗೆ, ತಮಿಳು ತಂಗಿಗೆ, ತೆಲುಗು ಅವನಿಗೆ. ಊರಿನ ಹೆಸರು ಒತ್ತುವುದು, ಬಸ್ಸು ನೋಡುವುದು, ಹಿಂದೆ ಬರುವುದು, ಮುಂದಿನ ಊರು. ತಂಗಿ ಗಡಿಯಾರ ನೋಡಿದಾಗಲೆಲ್ಲ ಅವನು ಒಂದು ಹೋಳು ಮಾವು ಅವಳ ಕಡೆ ಸರಿಸುತ್ತಿದ್ದ. ತೆಲುಗಿನಲ್ಲಿ ‘ಹೊರಡುವುದು’ ಎಂಬ ಪದ ಪರದೆಯಿಂದ ಆಚೆ ಹೋಗಿತ್ತು. ಅಕ್ಷರ ಚಿಕ್ಕದು ಮಾಡಿದರು. ಅವನು ಮತ್ತೆ, “ಮೊದಲಿಂದ,” ಎಂದ. ಈ ಸಲ ತಂಗಿ ತಟ್ಟೆಯನ್ನೇ ಅವನ ಕೈಗೆಟುಕದಂತೆ ತನ್ನ ಕಡೆಗೆ ಎಳೆದುಕೊಂಡಳು.

ಈ ನಡುವೆ ತಿದ್ದುಪಡಿ ಕಳಿಸಿದ ಆ ದೂರದವರಿಗೂ ತಿಳಿಸಬೇಕಿತ್ತು. ಮೊದಲ ಬಾರಿಗೆ ನೆರವಾದವರ ಕೆಲಸವನ್ನು ತೆಗೆದುಹಾಕಿದ್ದೇವೆ ಎಂದು ಹೇಗೆ ಹೇಳುವುದು? ತಂಗಿ ಬರೆದದ್ದು ಕ್ಷಮಾಪಣೆಯ ಪುಟವಾಯಿತು. ಕೃಷ್ಣಗಿರಿಯವನು ಬರೆದದ್ದು ರಿಜೆಕ್ಷನ್ ಚೀಟಿಯಂತಿತ್ತು. ಬರೆಯುವ ಕೆಲಸ ನನಗೆ ಬಂತು. ‘ಏಳೂವರೆ ಎಂಬುದು ಈ ಬಸ್ಸಿನ ಹೆಸರು. ಹೊರಡುವ ವೇಳೆ ಬೇರೆ. ಇದನ್ನು ನಾವು ಮೊದಲೇ ತಿಳಿಸಬೇಕಿತ್ತು. ನಿಮ್ಮ ಶ್ರಮಕ್ಕೆ ಧನ್ಯವಾದ,’ ಎಂದು ಇಂಗ್ಲಿಷಿನಲ್ಲಿ ಬರೆದೆ. ಸ್ವಲ್ಪ ಹೊತ್ತಿಗೇ ಉತ್ತರ ಬಂತು. ಅರ್ಥವಾಯಿತು, ಹಾಗಾದರೆ ನಿಜವಾಗಿ ಏಳೂವರೆಗೆ ಹೊರಡುವ ಬಸ್ಸು ಇದೆಯೇ, ಅದನ್ನು ಏನೆನ್ನುತ್ತಾರೆ ಎಂದು ಕೇಳಿದ್ದರು.

ಇದೆ. ಬೇರೆ ದಾರಿಯದು, ಹಾಲಿನ ಬಸ್ಸು. ಹಾಗೆಂದು ತಿಳಿಸಿದೆವು.

ಬಿಡುಗಡೆಯ ಫೈಲಿಗೆ ತಂಗಿಯ ಡಿಜಿಟಲ್ ಸಹಿ ಬೀಳಬೇಕು, ಇಲ್ಲವಾದರೆ ಹಳೆಯ ಆ್ಯಪ್ ಹೊಸದನ್ನು ತನ್ನದೆಂದು ಒಪ್ಪುವುದಿಲ್ಲ. ಸಹಿಯ ಕೀಲಿ ಇರುವ ಪೆನ್‌ಡ್ರೈವನ್ನು ಅವಳು ಬೀರುವಿನಲ್ಲಿ, ಒಡವೆಯ ಡಬ್ಬಿಯಲ್ಲಿ ಇಟ್ಟಿದ್ದಳು. ಅದು ಬಂತು, ಸಹಿ ಬಿತ್ತು. ಕೃಷ್ಣಗಿರಿಯವನು ಕೊನೆಯ ಸಲ ಮೂರೂ ಫೋನು ನೋಡಿ, ಒಂದನ್ನು ಬಟ್ಟೆಯಿಂದ ಒರೆಸಿ, “ಪಾಸ್,” ಎಂದ. ಈ ಸಲ ಮೆಲ್ಲಗೆ. ತಂಗಿ ಗುಂಡಿ ಒತ್ತಿದಳು. ಹೊರಗೆ ಇನ್ನೂ ಬಿಸಿಲಿತ್ತು. ಹೆಸರಿನ ಚರ್ಚೆ ಮತ್ತೆ ತೆಗೆಯುವ ಶಕ್ತಿ ಯಾರಿಗೂ ಇರದಿದ್ದುದರಿಂದ ಆವೃತ್ತಿ ‘ತೋತಾಪುರಿ’ ಎಂದೇ ಹೊರಬಿತ್ತು.

ಅದರ ಕೊಂಡಿಯನ್ನು ಮೊದಲು ಮೇಡಮ್ಮಿಗೆ ಕಳಿಸಲಾಯಿತು. ಅವರು ನೋಡಿದರೆಂಬ ಗುರುತು ಬಂತು. ಉತ್ತರಕ್ಕೆಂದು ನಾವು ಮೂವರೂ ಒಂದೇ ಫೋನನ್ನು ನೋಡುತ್ತಾ ಕೂತೆವು. ಕಡೆಗೆ ತಂಗಿಯ ಫೋನಿಗಲ್ಲ, ನನ್ನದಕ್ಕೆ ಚಿಕ್ಕಮ್ಮನ ಕರೆ ಬಂತು.

“ಮೇಡಮ್ಮು ಪೋನ್ ಮಾಡಿದ್ರು ಕಣ್ಲಾ. ಬಾ ಅಂದ್ರು. ಏಳೂವರೆ ಬಸ್ಸು ಐತಂತೆ.”

“ಎಷ್ಟೊತ್ತಿಗೆ ಅಂತ ಹೇಳಿದ್ರಾ?” ಎಂದು ಪಕ್ಕದಿಂದ ತಂಗಿ ಕೇಳಿದಳು.

“ಆರು ಐವತ್ತಕ್ಕೆ. ನೀನೇ ಬೆಳಗ್ಗೆ ಹೇಳ್ದಲ್ಲವ್ವ.”

ಸೋಮವಾರ ಚಿಕ್ಕಮ್ಮ ಬಸ್ಸು ಹತ್ತಿದರು. ಆ ಬಸ್ಸಿಗೆಂದು ಬಂದವರಲ್ಲಿ ಕೆಲವರು ಇನ್ನೂ ಪರೀಕ್ಷೆಯ ಪ್ರತಿಯನ್ನೇ ಹಿಡಿದು, ಆರು ಐವತ್ತರ ಬಸ್ಸು ಹೋಗಲಿ, ಏಳೂವರೆ ಬಸ್ಸು ಬರಲಿ ಎಂದು ನಿಂತಿದ್ದರಂತೆ. ಚಿಕ್ಕಮ್ಮ ಅವರನ್ನು ಬೈದು ಹತ್ತಿಸಿಕೊಂಡರು. ಆ ದಿನ ಶಾಲೆಯಲ್ಲಿ ಅನ್ನ ಸ್ವಲ್ಪ ಮೆತ್ತಗಾಯಿತು ಎಂದು ಅವರೇ ಹೇಳಿದರು.

ಈ ವರ್ಷ ಶಾಲೆ ತೆರೆದಾಗ ಏಳೂವರೆ ಬಸ್ಸಿನ ವೇಳೆ ಮತ್ತೆ ಬದಲಾಗಿ ಏಳೂ ಐದಾಗಿದೆ. ಚಿಕ್ಕಮ್ಮ ಅದರಲ್ಲೇ ಕೆಲಸಕ್ಕೆ ಹೋಗಿಬರುತ್ತಿದ್ದಾರೆ.